ಓಬಕ್ಕನ ಒಲೆಯ ಮೇಲಿನ ಹೆಜ್ಜೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಒಂದು ಕಾಲವಿತ್ತಂತೆ. ಆಗ ಮನುಷ್ಯರ ಹೆಜ್ಜೆಗಳಿಗೂ ಉಸಿರಿತ್ತಂತೆ. ಮನುಷ್ಯ ಮುಂದೆ ನಡೆದು ಹೋದರೂ ಅವನ ಹೆಜ್ಜೆ ಹಿಂದೆಯೇ ಕೂತು, ಕರು ತಾಯನ್ನು ಕರೆಯುವಂತೆ ಕರೆಯುತ್ತಿತ್ತಂತೆ. ಊರ ತುಂಬ ಅದೇ ಕೂಗು. ಯಾರಿಗೂ ನಿದ್ದೆಯಿಲ್ಲ. ಕಡೆಗೆ ದೇವರು ಬೇಸತ್ತು ಇಳಿದು ಬಂದು, ಹೆಜ್ಜೆಗಳ ಉಸಿರನ್ನೆಲ್ಲ ಆಯ್ದು ಜೋಳಿಗೆಗೆ ತುಂಬಿಕೊಂಡನಂತೆ. ಕಲ್ಲಿನ ಮೇಲಿನದನ್ನು ಆಯ್ದ, ಮರಳಿನ ಮೇಲಿನದನ್ನು ಆಯ್ದ, ಧೂಳಿನ ಮೇಲಿನದನ್ನೂ ಬಿಡಲಿಲ್ಲ. ಮೊದಲ ಮಳೆಯ ಕೆಸರಿನಲ್ಲಿ ಮಾತ್ರ ಅವನ ಬೆರಳು ಜಾರಿತಂತೆ. ಅಲ್ಲೊಂದಿಷ್ಟು ಉಸಿರು ಉಳಿದುಹೋಯಿತಂತೆ.

"ಅದ್ಕೇ ಹೇಳ್ತಿವ್ನಿ ಕಣಮ್ಮ," ಅಂದಳು ಗಿರಿಯಮ್ಮ. "ಮೊದಲ ಮಳೆ ಬಿದ್ದಾಗ ಓಬಕ್ಕನ ಬಾಗಿಲ ಮುಂದೆ ಬರಿಗಾಲಲ್ಲಿ ಓಡಾಡ್ಬ್ಯಾಡ."

ಗಿರಿಯಮ್ಮ ಮೇಕೆ ಕಾಯುವ ಯತ್ತಪ್ಪನ ಹೆಂಡತಿ. ಕತೆ ಕೇಳುತ್ತಿದ್ದವಳು ಕೃಪಾಮಣಿ, ತುಮಕೂರಿನಿಂದ ಬಂದ ಹೊಸ ನರ್ಸು. ಐ.ಡಿ.ಹಳ್ಳಿಯಲ್ಲಿ ಬಸ್ಸಿಳಿದು, ಗುಡ್ಡದ ಬುಡ ಹಿಡಿದು ನಡೆದರೆ ಸಿಗುವ ಗುಂಡುಗಲ್ಲಹಳ್ಳಿ ಅದು. ೧೯೭೮ರ ಬೇಸಿಗೆ ಮುಗಿಯುತ್ತ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಕೃಪಾಮಣಿಗೆ ಉಳಿದದ್ದು ಐದು ವರ್ಷದ ಮಗಳು ರೂತಿ ಒಬ್ಬಳೇ.

"ಓಬಕ್ಕ ಏನು ಮಾಡ್ತಾಳೆ ಗಿರಿಯಮ್ಮ? ನನ್ನ ಹೆಜ್ಜೆ ಕದ್ದು ಮೆಟ್ಟು ಹೊಲಿಸ್ಕೋತಾಳಾ?"

ಗಿರಿಯಮ್ಮ ನಗಲಿಲ್ಲ. "ಕುಡುಗೋಲಲ್ಲಿ ಹೆಜ್ಜೇನ ಮಣ್ಣ್ ಸಮೇತ ಕೆತ್ಕಂತಾಳೆ. ಮುತ್ತುಗದ ಎಲೇಲಿಟ್ಟು, ಮೇಕೆ ಕೂದಲಿನ ಹುರೀಲಿ ಕಟ್ಟಿ, ಒಲೆ ಮ್ಯಾಲೆ ತೂಗಾಕ್ತಾಳೆ. ಹೊಗೆಗೆ ಮಣ್ಣು ಒಣಗ್ತಾ ಹೋದಂಗೆಲ್ಲ ಹೆಜ್ಜೆ ಇಟ್ಟೋರೂ ಒಣಗ್ತಾರೆ. ಮಣ್ಣು ಬಿರುಕು ಬಿಟ್ಟ ದಿನ..." ಅವಳು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. 

"ನನ್ನ ದೇವರು ಇದಕ್ಕೆಲ್ಲ ದೊಡ್ಡೋನು. ನಮಗೆ ಇಂಥವೆಲ್ಲ ಅಂಟಲ್ಲ."

"ದ್ಯಾವ್ರು ದೊಡ್ಡೋನೇ ಕಣಮ್ಮ. ನೀನು ದೊಡ್ಡೋಳಾ?"

ಕೃಪಾಮಣಿ ಅದಕ್ಕೂ ನಕ್ಕಳು.

ಓಬಕ್ಕ ಆ ಊರಿನ ಸೂಲಗಿತ್ತಿ. ಪಾವಗಡದ ಕಡೆಯಿಂದ ಮದುವೆಯಾಗಿ ಬಂದು ಎಷ್ಟು ಕಾಲವಾಗಿತ್ತೋ, ಮಾತಿನಲ್ಲಿ ತೆಲುಗು ಇನ್ನೂ ಕರಗಿರಲಿಲ್ಲ. ಊರಿನ ಅರ್ಧಕ್ಕರ್ಧ ಜನ ಭೂಮಿಗೆ ಬಿದ್ದದ್ದು ಅವಳ ಅಂಗೈ ಮೇಲೆ. ಅವಳ ಒಬ್ಬಳೇ ಮಗಳು ಮಾತ್ರ ಅವಳ ಕೈಯಲ್ಲೇ, ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆಮೇಲೆ ಆ ಮನೆಯಲ್ಲಿ ಯಾರೂ ಆ ಹುಡುಗಿಯ ಹೆಸರೆತ್ತಿರಲಿಲ್ಲ.

ಇದು ಕೃಪಾಮಣಿಗೆ ಆಗ ಗೊತ್ತಿರಲಿಲ್ಲ, ಗಿರಿಯಮ್ಮ ಹೇಳಿದ್ದು ಬಹಳ ತಡವಾಗಿ. ಬಂದ ಹೊಸದರಲ್ಲಿ ದೊಡ್ಡರಂಗಪ್ಪನ ಸೊಸೆಯ ಹೆರಿಗೆಯಲ್ಲಿ, ಮನೆ ತುಂಬ ಹೆಂಗಸರ ಎದುರಿಗೆ, ಓಬಕ್ಕನ ಹೊಕ್ಕುಳು ಕೊಯ್ಯುವ ಚಾಕುವನ್ನು ಕಿತ್ತುಕೊಂಡು ತಿಪ್ಪೆಗೆ ಎಸೆದಿದ್ದಳು. "ಈ ತುಕ್ಕು ಚಾಕೂಲಿ ಇನ್ನೆಷ್ಟು ಜೀವ ತೆಗೆದಿದ್ದೀಯೋ!" ಅಂದಿದ್ದಳು.  ಓಬಕ್ಕ ಹೊರಗೆ ಹೋಗಿ ತಿಪ್ಪೆಯಲ್ಲಿ ಕೂತು, ಸಗಣಿ ಕಸ ಕೆದರಿ ಕೆದರಿ, ಕತ್ತಲಾಗುವ ತನಕ ಆ ಚಾಕುವನ್ನು ಹುಡುಕಿದಳು.

ರೂತಿಗೆ ಮಾತ್ರ ಓಬಕ್ಕ ಅಂದರೆ ಜೀವ. ಅವಳ ಅಂಗಳದಲ್ಲೊಂದು ಕಂದು ಬಣ್ಣದ ಮೇಕೆಮರಿ ಇತ್ತು. ಮಗು ಅದರ ಕಿವಿ ಹಿಡಿದುಕೊಂಡು ಕೂತರೆ ಓಬಕ್ಕ ಹುರಿದ ಕಡಲೇಕಾಯಿ ಸುಲಿದು ಸುಲಿದು ಬಾಯಿಗೆ ಹಾಕುತ್ತಿದ್ದಳು. ತಾಯಿಯ ಮೇಲೆ ಕುದಿಯುವ ಸಿಟ್ಟು ಮಗುವಿನ ಮೇಲೆ ಒಂದು ಹನಿಯೂ ಚೆಲ್ಲಿರಲಿಲ್ಲ. "ಬಂಗಾರು, ನಾ ತಲ್ಲಿ" ಅನ್ನುತ್ತಿದ್ದಳು, ಚಿನ್ನ, ನನ್ನ ತಾಯಿ ಅಂತ. ರೂತಿ ಅವಳನ್ನು ಓಬಜ್ಜಿ ಅನ್ನುತ್ತಿದ್ದಳು.

ಮಳೆ ಬಂತು. ಬೇಸಿಗೆಯಿಡೀ ಕಾದ ಬಂಡೆಗಳ ಮೇಲೆ ಹನಿ ಬಿದ್ದು ಗುಡ್ಡವೆಲ್ಲ ಹಬೆಯಾಡಿತು. ಕೆಮ್ಮಣ್ಣಿನ ವಾಸನೆ, ನೆನೆದ ಮೇಕೆಗಳ ವಾಸನೆ, ಬೇವಿನ ಕಹಿ. ಮಳೆ ನಿಂತ ಹೊತ್ತಿಗೆ ಓಣಿಯೆಲ್ಲ ಕಲಸಿಟ್ಟ ಹಿಟ್ಟಿನಂತಾಗಿತ್ತು. ಕೃಪಾಮಣಿ ಯಾರದೋ ಜ್ವರ ನೋಡಿಕೊಂಡು ರೂತಿಯ ಜೊತೆ ಮನೆಗೆ ಬರುತ್ತಿದ್ದಳು. ಓಬಕ್ಕನ ಮನೆ ಎದುರಿನ ಗಂಗಣ್ಣನ ಅಂಗಡಿಯ ಸೂರಿನ ಕೆಳಗೆ ನಾಲ್ಕಾರು ಗಂಡಸರು ಬೀಡಿ ಸೇದುತ್ತ ನಿಂತಿದ್ದರು.

"ನರ್ಸಮ್ಮಾ, ಮೆಟ್ಟು ಹಾಕ್ಕಂಡಿದೀರಾ?" ಗಂಗಣ್ಣ ಕೂಗಿದ. "ಇಲ್ಲಾಂದ್ರೆ ಮುದುಕಿ ನಿಮ್ಮನ್ನ ಹಪ್ಪಳ ಮಾಡಿ ತೂಗಾಕ್ಬುಡ್ತಾಳೆ!"

"ಹಪ್ಳ ಅಲ್ಲ ಕಣ್ಲಾ, ಸಂಡಿಗೆ!" ಇನ್ನೊಬ್ಬ ಅಂದ. ಎಲ್ಲ ಕೇಕೆ ಹಾಕಿದರು.

ಕೃಪಾಮಣಿ ನಿಂತಳು. ಚಪ್ಪಲಿ ಬಿಟ್ಟಳು. ಓಬಕ್ಕನ ಹೊಸ್ತಿಲ ಮುಂದೆ, ಮಳೆ ನೀರು ಈಗಷ್ಟೇ ಇಂಗಿದ್ದ ಮಣ್ಣಿನ ಮೇಲೆ ಬಲಗಾಲನ್ನು ಒತ್ತಿ ಇಟ್ಟು, ಎತ್ತಿದಳು. ಹಿಮ್ಮಡಿ, ಕಮಾನು, ಐದು ಬೆರಳು, ಎಲ್ಲ ಅಚ್ಚಿನಂತೆ ಮೂಡಿದ್ದವು.

"ತಗೋ ಓಬಕ್ಕಾ," ಅಂತ ಬಾಗಿಲ ಕತ್ತಲೆಗೆ ಕೂಗಿದಳು. "ಚೆನ್ನಾಗಿ ಮೂಡಿದೆ. ಒಲೆ ಮೇಲೆ ಜಾಗ ಇದೆಯಾ?"

ಗಂಡಸರ ನಗು ಓಣಿಯ ತುದಿಯ ತನಕ ಅವಳ ಬೆನ್ನಿಗೆ ಬಂತು. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಣುತ್ತಿತ್ತು. ರೂತಿ ಹಿಂದೆ ಉಳಿದಿದ್ದಳು. ಅಮ್ಮನ ಹೆಜ್ಜೆಯೊಳಗೆ ಹೆಜ್ಜೆ ಇಟ್ಟು ನಡೆಯುವುದು ಆ ಮಗುವಿನ ಯಾವತ್ತಿನ ಆಟ. ದೊಡ್ಡ ದೋಣಿಯೊಳಗೆ ಚಿಕ್ಕ ದೋಣಿ ಇಳಿಸಿದಂತೆ, ತನ್ನ ಪುಟ್ಟ ಬಲಗಾಲನ್ನು ಅಮ್ಮನ ಹೆಜ್ಜೆಯ ಹಿಮ್ಮಡಿಯಲ್ಲಿ ಒಮ್ಮೆ ಊರಿ, ಕುಣಿಯುತ್ತ ಓಡಿದಳು.

ಗಂಡಸರು ಬೀಡಿ ಹೊಸಕಿ ಹೊರಟರು. ಓಬಕ್ಕನ ಮನೆಯೊಳಗೆ ಕುಡುಗೋಲು ಗೋಡೆಯ ಗೂಟದಿಂದ ಇಳಿದ ಸದ್ದಾಯಿತು. ಅವಳ ಕಣ್ಣು ಮಂಜು. ಸಂಜೆಯ ಬೆಳಕೂ ಮಂಜು.

*

ಮೊದಲು ಒಣಗಿದ್ದು ತುಟಿ. ಮಗು ನೀರು ಕೇಳಿತು. ಕುಡಿಯಿತು. ಮತ್ತೆ ಕೇಳಿತು. ಚೆಂಬು ಚೆಂಬು ನೀರು ಒಳಗೆ ಹೋದರೂ ನಾಲಿಗೆ ಬಿಸಿಲಿಗೆ ಬಿದ್ದ ಎಲೆಯಂತೆ ಮುದುಡುತ್ತ ಬಂತು. ಕೃಪಾಮಣಿ ಉಪ್ಪು ಸಕ್ಕರೆ ಕಲಸಿ ಕುಡಿಸಿದಳು, ಸೂಜಿ ಹಾಕಿದಳು, ಬಸ್ಸು ಹತ್ತಿಸಿ ಪೇಟೆಯ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಕಣ್ಣರೆಪ್ಪೆ ಎಳೆದು ನೋಡಿದರು, ರಕ್ತ ನೋಡಿದರು, ಬಾಟಲಿ ಏರಿಸಿದರು. ಕಡೆಗೆ, "ಹಾಕಿದ್ದೆಲ್ಲ ಎಲ್ಲಿಗೆ ಹೋಗ್ತಿದೆಯೋ ಗೊತ್ತಾಗ್ತಿಲ್ಲಮ್ಮ," ಅಂದರು. ಮಗುವಿನ ಮೊಣಕೈಯ ಚರ್ಮ ಬೂದಿ ಬಣ್ಣಕ್ಕೆ ತಿರುಗಿತು. ಮುಟ್ಟಿದರೆ ಸರಸರ ಅನ್ನುತ್ತಿತ್ತು. ಅವಳ ತಲೆಗೂದಲಲ್ಲಿ ಹೊಗೆಯ ವಾಸನೆ. ಎಷ್ಟು ತೊಳೆದರೂ ಹೋಗದ, ಸುಟ್ಟ ಮೇಕೆಕೂದಲಿನ ವಾಸನೆ.

ಒಂದು ಬೆಳಿಗ್ಗೆ ಓಬಕ್ಕ ಬಾಗಿಲಿಗೆ ಬಂದಳು. ಕೈಯಲ್ಲಿ ಮೇಕೆಹಾಲಿನ ಕುಡಿಕೆ. ಮುಖ ಸುಣ್ಣ. "ಮಗೂನ ಒಂದ್ಸಲ ನೋಡ್ತೀನಿ ತಲ್ಲಿ. ನಂಗೊತ್ತಿರ್ನಿಲ್ಲ..."

"ಏನು ಗೊತ್ತಿರಲಿಲ್ಲ?"

ಓಬಕ್ಕ ಕುಡಿಕೆಯನ್ನು ಹೊಸ್ತಿಲ ಮುಂದೆ ಇಟ್ಟಳು. ಕೃಪಾಮಣಿ ಕುಡಿಕೆಯನ್ನು ಕಾಲಿಂದ ಒದ್ದಳು. ಹಾಲು ಅಂಗಳದ ಮಣ್ಣಿಗೆ ಬಿದ್ದು, ಬಿದ್ದಷ್ಟೇ ಬೇಗ ಮಾಯವಾಯಿತು.

ಅಂದು ಸಂಜೆಯ ಪ್ರಾರ್ಥನೆಯಲ್ಲಿ ತಾಯಿ ಮಗಳು ಯಾವತ್ತಿನಂತೆ ಒಬ್ಬೊಬ್ಬರ ಹೆಸರನ್ನೇ ಹೇಳಿಕೊಂಡು ಬಂದರು. ಆಮೆನ್ ಅಂದಮೇಲೂ ರೂತಿ ಕಣ್ಣು ಬಿಡಲಿಲ್ಲ.

"ಓಬಜ್ಜೀನ ಬಿಟ್ಬಿಟ್ಟೆ ಅಮ್ಮ." ಅವಳ ದನಿಯೂ ಒಣಗಿತ್ತು, ಮರದ ತೊಗಟೆ ಉಜ್ಜಿದಂತೆ.

"ಮಲಗು ಕಂದ."

"ನೀನು ಹೇಳ್ಬೇಕು. ಅಜ್ಜಿ ಅಳ್ತಿತ್ತು. ಓಬಜ್ಜಿಗೂ ಒಳ್ಳೇದು ಮಾಡು ಅಂತ ಹೇಳು."

"ಹೇಳ್ತೀನಿ."

"ಆಣೆ?"

"ನಾವು ಆಣೆ ಇಡಲ್ಲ ರೂತಿ. ಮಾತು ಕೊಟ್ಟಿದ್ದೀನಿ, ಸಾಕಲ್ಲ? ಹೇಳ್ತೀನಿ."

ಮಗು ಅಷ್ಟಕ್ಕೇ ನಂಬಿ ನಿದ್ದೆಹೋಯಿತು. ಕೃಪಾಮಣಿ ಆ ಹೆಸರನ್ನು ನಾಲಿಗೆಯ ತುದಿಗೆ ತಂದಳು. ಬರಲಿಲ್ಲ. ಮೂಳೆ ಸಿಕ್ಕಿಕೊಂಡಂತೆ ಗಂಟಲಲ್ಲೇ ನಿಂತಿತು.

ಮರುದಿನ ಗಿರಿಯಮ್ಮ ಬಂದವಳು ಮಗುವನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಕೃಪಾಮಣಿ ಈಗ ನಗುವ ಸ್ಥಿತಿಯಲ್ಲಿರಲಿಲ್ಲ. "ಬಿಚ್ಚೋಕೆ ದಾರಿ ಇದ್ಯಾ ಗಿರಿಯಮ್ಮ?"

"ಕಟ್ಟಿದೋಳು ಬಿಚ್ಚಂಗಿಲ್ಲ. ಬಿಚ್ಚಿದ್ರೆ ಮಣ್ಣು ಪುಡಿಯಾಗ್ತದೆ. ಯಾರಿಗೆ ಕಟ್ಟಿದ್ರೋ ಅವ್ರು ಹೋಗ್ಬೇಕು. ಕಟ್ಟಿದೋಳ ತಲೆ ಮ್ಯಾಲೆ ಕೈ ಇಟ್ಟು, ನಿಂಗೆ ಒಳ್ಳೇದಾಗ್ಲಿ ಅನ್ಬೇಕು. ಬಾಯಿಂದಲ್ಲ ಕಣಮ್ಮ, ಹೊಟ್ಟೆಯಿಂದ."

"ಅಷ್ಟೇನಾ?"

"ಅಷ್ಟೇ. ನಾ ಕಂಡಂಗೆ ಯಾರ ಕೈಲೂ ಆಗಿಲ್ಲ."

*

ನಡುಮಧ್ಯಾಹ್ನ. ಮಗುವನ್ನು ಗಿರಿಯಮ್ಮನ ಮಡಿಲಲ್ಲಿ ಮಲಗಿಸಿ ಕೃಪಾಮಣಿ ಓಬಕ್ಕನ ಮನೆಯ ಹೊಸ್ತಿಲು ದಾಟಿದಳು. ಹೊರಗಿನ ಬಿಸಿಲಿಂದ ಒಳಗೆ ಬಂದವಳಿಗೆ ಏನೂ ಕಾಣಲಿಲ್ಲ. ವಾಸನೆ ಮೊದಲು ಬಂತು. ಮಸಿ, ಹಳೆಯ ತುಪ್ಪ, ಒದ್ದೆ ಬೂದಿ, ಸುಟ್ಟ ಕೂದಲು. ಆಮೇಲೆ ಸದ್ದು. ಒಲೆಯ ಮೇಲೆಲ್ಲೋ ಏನೋ ತೂಗುತ್ತಿದ್ದ ಕಿರ್ ಕಿರ್ ಸದ್ದು. ಗಾಳಿ ಇರಲಿಲ್ಲ.

ಓಬಕ್ಕ ಒಲೆಯ ಪಕ್ಕ ನೆಲಕ್ಕೆ ಕೂತಿದ್ದಳು. ಒಲೆ ಆರಿತ್ತು. ಅವಳು ಕೊಡಗಟ್ಟಲೆ ನೀರು ಸುರಿದು ಆರಿಸಿದ್ದಳು. ಆದರೂ ತೊಲೆಯ ಸುತ್ತ ಹೊಗೆ ಸುತ್ತುತ್ತಲೇ ಇತ್ತು.

"ನಿಂಗೇ ಅಂತ ಕಟ್ಟಿದ್ದು," ಅಂದಳು ಓಬಕ್ಕ. "ಸುಳ್ಳು ಹೇಳಾಕಿಲ್ಲ. ನೀನು ಒಣಗೋಗ್ಲಿ ಅಂತ್ಲೇ ಕಟ್ಟಿದೆ. ಮಗಿಗೆ ಕಾಯಿಲೆ ಅಂದಾಗ ಹತ್ರ ಹಿಡಿದು ನೋಡಿದೆ. ನೋಡು. ನೀನೇ ನೋಡು."

ಕೃಪಾಮಣಿ ಮೇಲೆ ನೋಡಿದಳು. ಎಲೆ ಸುರುಟಿ ಬಿಚ್ಚಿಕೊಂಡಿತ್ತು. ಕೂದಲ ಹುರಿಯ ನಡುವೆ ಒಣಗಿದ ಕೆಮ್ಮಣ್ಣಿನ ಹೆಂಟೆ. ಅದರಲ್ಲಿ ತನ್ನ ಪಾದ. ತನ್ನ ಹಿಮ್ಮಡಿ. ಹಿಮ್ಮಡಿಯೊಳಗೆ ಇನ್ನೊಂದು, ಪುಟ್ಟದು, ಕಡಲೆಕಾಳಿನಂಥ ಐದು ಬೆರಳು.

ಅವಳಿಗೆ ಎಲ್ಲ ಅರ್ಥವಾಯಿತು. ಚಪ್ಪಲಿ ಬಿಟ್ಟ ಕಾಲು ತನ್ನದು. ಕುಡುಗೋಲು ಹಿಡಿದ ಕೈ ಇವಳದು. ಸಾಯುತ್ತಿರುವುದು ಇಬ್ಬರೂ ಅಲ್ಲ.

ಓಬಕ್ಕ ತಲೆ ಬಗ್ಗಿಸಿದಳು.  "ಕಡೇಗೆ ಒತ್ತಿದ ಹೆಜ್ಜೇಗೇ ತಗುಲೋದು. ಮಗಿನ ಪರವಾಗಿ ನೀ ಅಂದ್ರೂ ನಡೀತದೆ. ಕೈ ಇಡು ತಲ್ಲಿ. ಬ್ಯಾಗ ಅನ್ನು."

ಕೃಪಾಮಣಿ ಕೈ ಇಟ್ಟಳು. ತಲೆಬುರುಡೆ ಬಿಸಿಯಾಗಿತ್ತು. ಅದನ್ನು ಹಾಗೇ ಹಿಸುಕಿಬಿಡಬೇಕು ಅನ್ನಿಸಿತು. ಮಗುವಿಗಾಗಿ, ಅಂದುಕೊಂಡಳು. ಒಂದು ಮಾತು. ಒಂದೇ ಮಾತು.

"ನಿನಗೆ... ಒಳ್ಳೇದಾಗಲಿ."

ಕಿರ್ ಕಿರ್ ನಿಂತಿತು.

ಹೊಗೆಯೂ ನಿಂತಿತು. ಮನೆಯೇ ಕಿವಿಗೊಟ್ಟಂತೆ. ಅವಳ ಹೊಟ್ಟೆಯೊಳಗೆ, ಆ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ಹೊರಳಿತು. ಸಾಯಿ. ನೀನು ಸಾಯಿ. ಅವಳು ತುಟಿ ಬಿಗಿಹಿಡಿದಳು. ತಡವಾಗಿತ್ತು.

ಟಪ್.

ಉಗುರು ಮುರಿದಷ್ಟೇ ಸದ್ದು. ಹೆಂಟೆಯ ನಡುವೆ ಕೂದಲೆಳೆಯಂಥ ಬಿರುಕು. ಅದು ಬೆರಳುಗಳ ಕಡೆ ಓಡಿತು. ಓಬಕ್ಕ ಚೀರಿದಳು. ಕೃಪಾಮಣಿ ಓಡಿದಳು. ಓಣಿ. ಬಿಸಿಲು. ಅಂಗಡಿ. ಯಾರೋ ಕರೆದರು. ಕಾಲಿಗೆ ಕಲ್ಲು. ಬಿದ್ದಳು. ಎದ್ದಳು. ಬಾಗಿಲು. ಗಿರಿಯಮ್ಮ ತಲೆಯೆತ್ತಿ ನೋಡಿದಳು. ಮಡಿಲಲ್ಲಿದ್ದ ಮಗುವಿನ ಮುಖದ ಮೇಲೆ ಸೆರಗು ಎಳೆದಳು.

*

ಮಗುವನ್ನು ಗಾಡಿಯಲ್ಲಿ ಮಧುಗಿರಿಗೆ ಒಯ್ದು ಮಣ್ಣು ಮಾಡಿದರು. ಏಕಶಿಲೆಯ ಬೆಟ್ಟದ ನೆರಳು ಆ ಪುಟ್ಟ ಗುಂಡಿಯ ತನಕ ಬಂದು ನಿಂತಿತ್ತು. ಪ್ರಾರ್ಥನೆ ನಡೆಸಿದವರು ಚರ್ಚಿನ ಉಪದೇಶಿ ಸಮಾಧಾನಪ್ಪ, ಊರೂರು ನಡೆದು ಕಾಲು ಬಾಗಿದ್ದ ಮುದುಕರು. ಎಲ್ಲ ಹೋದ ಮೇಲೆ ಕೃಪಾಮಣಿ ಅವರಿಗೆ ನಡೆದದ್ದನ್ನೆಲ್ಲ ಹೇಳಿದಳು. ಮಗುವಿಗೆ ಕೊಟ್ಟ ಮಾತನ್ನೂ ಹೇಳಿದಳು.

ಅವರು ಗುಂಡಿಯ ಪಕ್ಕ ಅವಳ ಜೊತೆ ಕೂತರು. "ಹಗೆಯವರಿಗಾಗಿ ಬೇಡೋದು ನಮಗೆ ಕೊಟ್ಟಿರೋ ಕೆಲಸದಲ್ಲೆಲ್ಲ ಕಷ್ಟದ್ದು ಮಗಳೇ. ಅದು ಸುಳ್ಳಾಗೇ ಶುರುವಾಗುತ್ತೆ. ಸುಳ್ಳು ಅಂತ ಅವನ ಹತ್ರ ಒಪ್ಕೊಂಡುಬಿಡು. ಮುಚ್ಚಿಟ್ಟು ಮಾತ್ರ ಬೇಡಬೇಡ."

"ಮುಚ್ಚಿಟ್ಟರೆ?"

"ಮುಚ್ಚಿಟ್ಟ ಪ್ರಾರ್ಥನೇನ ಇನ್ನೊಬ್ಬ ಕೇಳಿಸ್ಕೋತಾನೆ."

ಊರಿಗೆ ಬಂದಮೇಲೆ ಅವಳು ದಿನವೂ ಮೊಣಕಾಲೂರಿದಳು. ಈಗ ಹೆಸರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಎಣ್ಣೆ ಸವರಿದಂತೆ ಜಾರಿಕೊಂಡು ಬರುತ್ತಿತ್ತು. ತಂದೆಯೇ, ಓಬಕ್ಕನನ್ನು ಹರಸು. ಓಬಕ್ಕನ ಮೇಲೆ ನಿನ್ನ ಕೈ ಇರಲಿ. ಹೇಳುವಾಗ ಒಂದು ಬಗೆಯ ಸುಖವೂ ಆಗುತ್ತಿತ್ತು. ಅದು ಯಾವ ಸುಖವೆಂದು ಅವಳು ಬಗ್ಗಿ ನೋಡಲಿಲ್ಲ.

ಓಬಕ್ಕನ ಕಂದು ಮೇಕೆಮರಿ ಸತ್ತಿತು. ಅವಳ ಮನೆ ಹಿಂದಿನ ನುಗ್ಗೆಮರ ಮಳೆಗಾಲದಲ್ಲೇ ಒಣಗಿ ನಿಂತಿತು. ಆಮೇಲೆ ಅವಳ ತುಟಿ ಬಿರಿಯಿತು. ನೀರು ಕುಡಿದಳು, ಕುಡಿದಳು, ಸಾಲಲಿಲ್ಲ. ನರ್ಸು ನೋಡಲು ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಒಂದು ದಿನ ಕ್ಯಾತಪ್ಪ ಅನ್ನುವವನು ಬಗಲಲ್ಲಿ ಕೋಳಿ ಅವುಚಿಕೊಂಡು ಬಾಗಿಲಿಗೆ ಬಂದ. ಒಳಗೆ ಬರಲು ಹೆದರಿಕೆ. ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕೂತ.

"ನಿಮ್ಮ ಪ್ರಾರ್ಥನೆ ಭಾರಿ ಗಟ್ಟಿ ಅಂತ ಊರೆಲ್ಲ ಅಂತೈತೆ ನರ್ಸಮ್ಮ. ಮುದುಕಿನ ಹೆಂಗೆ ಹಿಡ್ಕಂಡೈತೆ ನೋಡ್ರಿ!"

"ಏನು ಬೇಕಪ್ಪ?"

"ನಮ್ಮ ದಾಯಾದಿ ಒಬ್ಬ ಅವ್ನೆ, ಪೆದ್ದಣ್ಣ ಅಂತ. ಬದು ಒತ್ತರಿಸ್ಕಂಡವ್ನೆ ನನ್ಮಗ. ಅವನ ಮ್ಯಾಲೂ ಒಂದು ಪ್ರಾರ್ಥನೆ ಹಾಕ್ಬುಡಿ." ಕೋಳಿಯನ್ನು ಮುಂದೆ ನೂಕಿದ. "ಪೂರಾ ಸಾಯಾದ್ ಬ್ಯಾಡ. ಕೈಕಾಲು ಬಿದ್ರೆ ಸಾಕು."

ಅವಳು ಬಾಗಿಲು ಹಾಕಿಕೊಂಡಳು. ಕಾಲು ಕಟ್ಟಿದ ಕೋಳಿ ಹೊರಗೆ ಬಹಳ ಹೊತ್ತು ರೆಕ್ಕೆ ಬಡಿಯಿತು.

ಸೂರ್ಯ ನೆತ್ತಿಗೆ ಬಂದಿದ್ದ. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಕೃಪಾಮಣಿ ಕೈ ಜೋಡಿಸಿ, ಮಗು ಮಲಗುತ್ತಿದ್ದ ಚಾಪೆಯ ಪಕ್ಕ ಮೊಣಕಾಲೂರಿದಳು.

"ತಂದೆಯೇ, ಓಬಕ್ಕನನ್ನು ಹರಸು."

"ಒಣಗಿಸು," ಅಂದಿತು ಇನ್ನೊಂದು ದನಿ.

ಅವಳದೇ ದನಿ. ನೆಲದ ಅಡಿಯಿಂದ ಬಂದಿತ್ತು.

ಅವಳು ಕಣ್ಣು ಬಿಟ್ಟಳು. ಗೋಡೆಯ ಮೇಲಿನ ಹಲ್ಲಿ ಅಲುಗಲಿಲ್ಲ. "ಅವಳ ಮನೆಗೆ... ನೆಮ್ಮದಿ ಕೊಡು."

"ಬಿರುಕು ಬಿಡಿಸು."

ಬಾಯಿಗೆ ಕೈ ಒತ್ತಿದಳು. ದನಿ ನಿಲ್ಲಲಿಲ್ಲ. ಅವಳು ದಿನದಿನವೂ ಹೇಳಿದ್ದನ್ನೆಲ್ಲ ಅದು ಮಗುಚಿ ಮಗುಚಿ ಹೇಳಿತು. ಒಲೆ ಹಚ್ಚದ ಮನೆಯಲ್ಲಿ ಹೊಗೆ ಏರಿತು. ಸುಟ್ಟ ಕೂದಲು. ಒದ್ದೆ ಬೂದಿ. ಒಣ ನೆಲದ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿತು. ಪುಟ್ಟದು. ಇನ್ನೊಂದು. ಅವು ಬಾಗಿಲಿಂದ ಅವಳ ಕಡೆ ಬಂದವು. ಚಾಪೆಯ ಅಂಚಿಗೆ ಬಂದು ನಿಂತವು. ಕಿವಿಯ ಹತ್ತಿರ ಬಿಸಿ ಉಸಿರು.

"ಅಮ್ಮ."

ರೂತಿಯ ದನಿ. ಅದೇ ತೊದಲು. ಅದೇ ಎಳೆತ. ತೋಳು ತಾನಾಗಿ ಚಾಚಿತು.

"ಅಮ್ಮ, ಇನ್ನೊಂದ್ಸಲ ಹೇಳು. ಓಬಜ್ಜಿ ಇನ್ನೂ ಪೂರ್ತಿ ಒಣಗಿಲ್ಲ."

ಚಾಚಿದ ತೋಳು ಗಾಳಿಯಲ್ಲೇ ನಿಂತಿತು.

ಅದು ರೂತಿ ಅಲ್ಲ. ರೂತಿ ಹಾಗೆ ಅನ್ನುವ ಮಗು ಅಲ್ಲ. ಇದಕ್ಕೆ ರೂತಿಯ ದನಿ ಗೊತ್ತಿತ್ತು, ರೂತಿಯ ಕಾಲು ಗೊತ್ತಿತ್ತು, ರೂತಿ ಮಾತ್ರ ಗೊತ್ತಿರಲಿಲ್ಲ. ಓಬಕ್ಕನ ಮನೆಯಲ್ಲಿ ಉಂಡದ್ದೂ ಇದೇ. ಇಲ್ಲಿ ಉಣ್ಣುತ್ತಿರುವುದೂ ಇದೇ. ಎರಡು ಒಲೆಗಳ ನಡುವೆ ಓಡಾಡಿಕೊಂಡು, ಎರಡೂ ಮನೆಯ ಹೆಂಗಸರಿಂದ ಬಡಿಸಿಕೊಂಡು ಬೆಳೆದದ್ದು. ಹಗೆ ಯಾರೆಂದು ಕೃಪಾಮಣಿಗೆ ಆ ಗಳಿಗೆಯಲ್ಲಿ ಕಂಡಿತು. ಅದರ ಮುಖ ಮುದುಕಿಯದಾಗಿರಲಿಲ್ಲ.

"ತಂದೆಯೇ," ಅವಳು ಕೂಗಿದಳು. "ಸುಳ್ಳು ಹೇಳಿದೆ! ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು! ಅವಳು ಸಾಯಲಿ ಅಂತ ಕೇಳ್ತಿದ್ದೆ. ಈಗಲೂ ಅದೇ ಇದೆ ನನ್ನೊಳಗೆ. ನಾನು ಮುಚ್ಚಿಡಲ್ಲ. ನೋಡು. ನೋಡ್ಕೋ."

ದನಿ ನಿಂತಿತು. ನೆಲದ ಮೇಲಿನ ಹೆಜ್ಜೆಗಳು ಅಂಚಿನಿಂದ ಆರುತ್ತ ಬಂದವು. ಅವಳು ಪೂರ್ತಿ ಆರುವ ತನಕ ಕಾಯಲಿಲ್ಲ. ಎದ್ದು, ಔಷಧದ ಚೀಲ ತೆಗೆದುಕೊಂಡು, ಕಾದ ಮಣ್ಣಿನ ಮೇಲೆ ಬರಿಗಾಲಲ್ಲೇ ಹೊರಟಳು.

*

ಓಬಕ್ಕ ಗೋಣಿತಾಟಿನ ಮೇಲೆ ಬಿದ್ದಿದ್ದಳು. ಒಣಗಿದ ಸೌದೆಯಷ್ಟೇ ಉಳಿದಿದ್ದಳು. ಕಣ್ಣು ಮಾತ್ರ ತಿರುಗಿತು.

"ಮುಗ್ಸಾಕೆ ಬಂದ್ಯಾ?"

ಕೃಪಾಮಣಿ ಹತ್ತಿಯನ್ನು ನೀರಿಗೆ ಅದ್ದಿ ಅವಳ ತುಟಿಗೆ ಒತ್ತಿದಳು. ಕೈ ನರ್ಸಿನ ಕೈ, ಅದಕ್ಕೆ ತನ್ನ ಕೆಲಸ ಗೊತ್ತಿತ್ತು. ಒಳಗೆ ದ್ವೇಷ ಹಾಗೇ ಕೂತಿತ್ತು, ಕದಲಿರಲಿಲ್ಲ. ಅವಳು ಅದನ್ನು ಓಡಿಸಲೂ ಇಲ್ಲ. ಇದ್ದಲ್ಲೇ ಇರಲಿ ಅಂತ ಬಿಟ್ಟು, ಮುದುಕಿಯ ಬಟ್ಟೆ ಬದಲಿಸಿದಳು, ಬೆನ್ನಿನ ಹುಣ್ಣು ತೊಳೆದಳು, ಮತ್ತೆ ಹತ್ತಿ ಅದ್ದಿದಳು. ಬಾಗಿಲ ಬಿಸಿಲು ಹೊಸ್ತಿಲಿಂದ ಗೋಡೆಗೆ ಏರಿತು.

"ಯಾಕ್ ಮಾಡ್ತೀಯಾ?" ಓಬಕ್ಕ ಪಿಸುಗುಟ್ಟಿದಳು. "ನಿನ್ ಕೂಸ್ನ ತಿಂದೋಳು ನಾನು."

"ನಿನ್ನ ಮಗಳ ಹೆಸರೇನು ಓಬಕ್ಕ?"

ಮುದುಕಿಯ ಬಾಯಿ ತೆರೆದುಕೊಂಡಿತು. ಮುಚ್ಚಿದ್ದ ಬಾವಿಯ ಕಲ್ಲು ಸರಿಸಿದಂತೆ ಗಂಟಲಲ್ಲಿ ಏನೋ ಉರುಳಿತು.

"ಚಿಕ್ಕಕ್ಕ," ಅಂದಳು. "ಚಿಕ್ಕಕ್ಕ ಅಂತ ಕರೀತಿದ್ವಿ. ಸಾಯೋವಾಗ ನೀರು ಕೇಳಿದ್ಲು. ಬಾಣಂತಿಗೆ ನೀರು ಕೊಡಬಾರ್ದು ಅಂತ ನಾ ಕೊಡ್ಲಿಲ್ಲ."

ಅವಳಿಗೆ ಅಳು ಬಂತು. ಅಳಲು ಕಣ್ಣಲ್ಲಿ ನೀರಿರಲಿಲ್ಲ. ಒಣ ಎದೆ ಸುಮ್ಮನೆ ಏರಿ ಇಳಿಯಿತು. ಆ ದೇಹ ಒಂದು ಹನಿಗಾಗಿ ತಡಕಾಡುವುದನ್ನು ಕೃಪಾಮಣಿ ನೋಡಿದಳು. ತನ್ನ ಮಡಿಲಲ್ಲೂ ಹೀಗೇ ಒಂದು ಜೀವ ಬಾಯಿ ಬಿಟ್ಟಿತ್ತು. ತಾನಾದರೂ ಕೊಟ್ಟೆ. ಚೆಂಬು ಚೆಂಬು ಕೊಟ್ಟೆ. ಇವಳು ಕೊಡಲಿಲ್ಲ ಅನ್ನುವುದನ್ನೇ ಇಷ್ಟು ವರ್ಷ ಉಂಡು ಬದುಕಿದ್ದಾಳೆ.

ಕೃಪಾಮಣಿಯ ಕಣ್ಣಿಂದ ನೀರು ಇಳಿದು ಓಬಕ್ಕನ ಹಣೆಯ ಮೇಲೆ ಬಿತ್ತು. ಅವಳು ಒರೆಸಲಿಲ್ಲ. ಆ ತಲೆಯ ಮೇಲೆ ಕೈ ಇಟ್ಟಳು. ಈಗ ಅದರಿಂದ ಪಡೆಯಬೇಕಾದದ್ದು ಏನೂ ಇರಲಿಲ್ಲ. ಮಗು ವಾಪಸು ಬರುವುದಿಲ್ಲ. ಮಗುವಿಗೆ ಕೊಟ್ಟ ಒಂದು ಮಾತು ಮಾತ್ರ ಬಾಕಿ ಇತ್ತು.

"ತಂದೆಯೇ," ಅಂದಳು. "ಈ ಓಬಕ್ಕನಿಗೆ ಬಾಯಾರಿದೆ. ನೀರು ಕೊಡು. ಇವಳ ಚಿಕ್ಕಕ್ಕನನ್ನು ಇವಳಿಗೆ ತೋರಿಸು. ಇವಳಿಗೆ... ಒಳ್ಳೇದು ಮಾಡು."

ಅವಳು ಕಿವಿಗೊಟ್ಟು ಕಾದಳು. ನೆಲದ ಅಡಿಯಿಂದ ಯಾವ ದನಿಯೂ ಬರಲಿಲ್ಲ. ಹೊಟ್ಟೆಯ ಒಳಗೂ ಏನೂ ಹೊರಳಲಿಲ್ಲ. ಮುದುಕಿಯ ಉಸಿರು ಮಾತ್ರ. ದೂರದಲ್ಲಿ ಯಾರೋ ಮೇಕೆಗಳನ್ನು ಹಟ್ಟಿಗೆ ಹೊಡೆದುಕೊಂಡು ಬರುತ್ತಿದ್ದ ಸದ್ದು.

ಆಮೆನ್ ಅನ್ನಬೇಕೆಂದು ಓಬಕ್ಕನಿಗೆ ಗೊತ್ತಿರಲಿಲ್ಲ. ತಲೆಯ ಮೇಲಿನ ಕೈ ಇನ್ನೂ ಹಾಗೇ ಇರುವುದನ್ನು ಕಂಡು ಕೇಳಿದಳು:

"ಮುಗೀತಾ, ತಲ್ಲಿ?"

"ಮುಗೀತು," ಅಂದಳು ಕೃಪಾಮಣಿ.